ಹಿಂದಿನ ಸೀಟಿನಲ್ಲಿ ಅತ್ತೆ

ತನಗೆ ಏನೂ ಗೊತ್ತಿಲ್ಲದ ವಿಷಯದಲ್ಲೇ ಮನುಷ್ಯನಿಗೆ ಗಟ್ಟಿ ಅಭಿಪ್ರಾಯಗಳಿರುತ್ತವೆ. ನನಗಂತೂ ಸೀಟ್ ಬೆಲ್ಟಿನ ಬಗ್ಗೆ ಇದ್ದವು. ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಒಂದು ಮುದಿ ಜೀಪು ಕೊಂಡಿದ್ದೆ. ಮೊದಲಿನ ಮಾಲೀಕ ಸಾಮಾನು ಹೇರಲೆಂದು ಅದರ ಹಿಂದಿನ ಸೀಟು ಕಿತ್ತು ಹಾಕಿದ್ದ. ಹುಣಸಗಿಯಲ್ಲಿ ಅತ್ತೆಯ ತವರಿನ ಮದುವೆಯೊಂದಿತ್ತು. ಅಷ್ಟರೊಳಗೆ ಹೊಸ ಸೀಟು ಕೂರಿಸಿ, ಹೆಂಡತಿ ಮಹಾದೇವಿಯನ್ನೂ ಅತ್ತೆಯನ್ನೂ ಠೀವಿಯಿಂದ ಕರೆದೊಯ್ಯಬೇಕೆಂಬುದು ನನ್ನ ಹುಮ್ಮಸ್ಸು. ಒಂದು ಉದ್ದನೆಯ ಬೆಂಚು, ನಾಲ್ಕು ಬೋಲ್ಟು, ಮುಗಿಯಿತು ಎಂದುಕೊಂಡಿದ್ದೆ.

ಗ್ಯಾರೇಜಿನ ಮಹಬೂಬ ಮಿಸ್ತ್ರಿ ಜೀಪಿನ ಕೆಳಗೆ ತೂರಿ, ಹೊರಬಂದು ತಲೆಯಲ್ಲಾಡಿಸಿದರು. “ಬರೇ ತಳದ ತಗಡಿನ ಪತ್ರಾಕ್ಕ ಬೋಲ್ಟ್ ಹೊಡದ್ರ, ಬ್ರೇಕ್ ಹಾಕಿದಾಗ ಸೀಟು ಹಾರ್ತದ, ಬೆಲ್ಟು ಹಾರ್ತದ, ಮಂದೀನೂ ಹಾರ್ತಾರ ಸರ್. ಕೆಳಗಿನ ಉಕ್ಕಿನ ಚಾಸಿಗಿ ಹಿಡಿಸಬೇಕು. ಬೆಲ್ಟಿನ ಬುಡಕ್ಕ ದಪ್ಪ ಪ್ಲೇಟ್ ಕೊಡಬೇಕು. ಆಮ್ಯಾಲ ಆರ್‌ಟಿಓ ಕಡಿ ತೋರ್ಸಿ, ಗಾಡಿ ಪುಸ್ತಕದಾಗ ಸೀಟು ಬರಸ್ಕೊಂಡ್ ಬರ್ರಿ.”

“ಹಿಂದ ಕುಂದ್ರೋರಿಗಿ ಬೆಲ್ಟ್ ಯಾಕ ಮಿಸ್ತ್ರಿ?” ಎಂದೆ.

ಜೊತೆಗೆ ಬಂದಿದ್ದ ಮಹಾದೇವಿ ನನ್ನತ್ತ ತಿರುಗಿದಳು. “ನಮ್ಮವ್ವ ಹಾರೂದು ನೋಡಬೇಕಂತ ಮಾಡೀರೇನು?”

ಇಂಥ ಪ್ರಶ್ನೆಗೆ ಗಂಡಸು ತಡಮಾಡದೆ ಉತ್ತರ ಕೊಡಬೇಕು. ನಾನು ಸ್ವಲ್ಪ ತಡಮಾಡಿದೆ. ಬೆಲ್ಟುಗಳು ಬಂದವು, ಮುಂದಕ್ಕೂ ಹಿಂದಕ್ಕೂ. ಯಾದಗಿರಿಗೆ ಎರಡು ಸಲ ಅಲೆದು ಕಾಗದವನ್ನೂ ಸರಿಮಾಡಿಸಿದೆ.

ಮದುವೆಯ ದಿನ ಸುರಪುರ ದಾಟಿದ ಮೇಲೆ, ಹತ್ತಿರವಾಗುತ್ತದೆಂದು ಕಾಲುವೆಯ ದಂಡೆಯ ದಾರಿ ಹಿಡಿದೆ. ಕಾಲುವೆ ತುಂಬಿ ಹರಿಯುತ್ತಿತ್ತು. ತಾಯಿ ಮಗಳು ಹಿಂದೆ ಬೆಲ್ಟು ಬಿಗಿದು ಕೂತಿದ್ದರು. ನನ್ನ ಪಕ್ಕದ ಸೀಟಿನಲ್ಲಿ ಉಡುಗೊರೆಯ ಗಾದಿಯ ಸುರುಳಿ ಇತ್ತು. ನಾನು ಮಾತ್ರ ನನ್ನ ಬೆಲ್ಟಿನ ಮೇಲೆಯೇ ಕೂತಿದ್ದೆ. ಇದ್ದಕ್ಕಿದ್ದಂತೆ ಎಮ್ಮೆಯೊಂದು ದಂಡೆ ಹತ್ತಿ ಎದುರಿಗೆ ನಿಂತಿತು. ಬ್ರೇಕ್ ತುಳಿದೆ. ನೀರು ಸೋರಿ ಕೆಸರಾಗಿದ್ದ ಎರೆಮಣ್ಣಿನಲ್ಲಿ ಜೀಪು ಕಾಲುವೆಯತ್ತ ತಿರುಗಿ ಜಾರಿತು. ನನ್ನ ಎದೆ ಸ್ಟೇರಿಂಗಿಗೆ ಬಡಿಯಿತು. ಕಣ್ಣು ಬಿಟ್ಟಾಗ ಮುಂದಿನ ಚಕ್ರಗಳು ದಂಡೆ ದಾಟಿ ಗಾಳಿಯಲ್ಲಿದ್ದವು. ಗಾಜಿನಾಚೆ ಬರೀ ನೀರು.

“ಎಲ್ಲಾರೂ ಜಿಗೀರಿ!” ಎಂದು ಚೀರಿದೆ.

“ಯಾರೂ ಅಲ್ಲಾಡಬ್ಯಾಡ್ರಿ!” ಎಂದರು ಅತ್ತೆ. ಬೆಲ್ಟಿನಲ್ಲಿ ಸಿಕ್ಕಿಕೊಂಡಿದ್ದರೂ ದನಿ ಅಲುಗಲಿಲ್ಲ. “ಮಾಸ್ತರ, ನಾವಿಬ್ರು ಇಳದ್ರ ಹಿಂದ ಹಗುರಾಗಿ ಗಾಡಿ ನೀರಿಗಿ ಹೋಗ್ತದ. ಮುಂದ ಇದ್ದೋರು ನೀವು. ಮೊದಲ ನೀವು ಇಳೀರಿ.”

ಸನ್ನೆಗೋಲಿನ ಪಾಠವನ್ನು ಇಷ್ಟು ವರ್ಷ ಹೇಳಿಕೊಟ್ಟವನು ನಾನು! ಮೆಲ್ಲಗೆ ಬಾಗಿಲು ತೆರೆದು ಕಾಲು ಹೊರಗಿಟ್ಟೆ. ಜೀಪು ಕಿರ್ರೆಂದಿತು. ಕೆಸರಿಗೆ ಬಿದ್ದು ತಿರುಗಿ ನೋಡಿದರೆ, ಜೀಪಿನ ಹಿಂಭಾಗ ಎರಡು ಬೆರಳಷ್ಟು ಕೆಳಗೆ ಕೂತಿತ್ತು. ಹತ್ತಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರನ್ನು ಕೂಗಿದೆ. ಅವರು ಟ್ರ್ಯಾಕ್ಟರ್ ತಂದು ಸರಪಳಿ ಕಟ್ಟುವವರೆಗೆ ನಾನು ಹಿಂದಿನ ಬಂಪರಿಗೆ ಜೋತುಬಿದ್ದಿದ್ದೆ. ಒಳಗೆ ಮಹಾದೇವಿಯ ಕೈ ಬೆಲ್ಟಿನ ಗುಂಡಿಯತ್ತ ಹೋಯಿತು. ಅತ್ತೆ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. “ತಡಿಯವ್ವ, ಸರಪಳಿ ಬಿಗೀಲಿ.”

ಸರಪಳಿ ಬಿಗಿಯಿತು. ಜೀಪು ಹಿಂದಕ್ಕೆ ಬಂತು. ಮಿಸ್ತ್ರಿಯ ಸೀಟು ಕೂದಲೆಳೆಯಷ್ಟೂ ಕದಲಿರಲಿಲ್ಲ. ಮಹಾದೇವಿ ಕೆಳಗಿಳಿದು ತಾಯಿಯನ್ನು ತಬ್ಬಿಕೊಂಡು ಅತ್ತಳು. ನಾನೂ ಅಳುವವನೇ ಇದ್ದೆ. ಆದರೆ ಎದೆ ನೋವಿನಿಂದ ಉಸಿರು ಎಳೆಯಲಿಕ್ಕೇ ಆಗಲಿಲ್ಲ.

ಮದುವೆಮನೆಯಲ್ಲಿ ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. ಊಟದ ಪಂಕ್ತಿಯಲ್ಲಿ ಹಪ್ಪಳವನ್ನು ಲೋಟದ ಅಂಚಿನ ಮೇಲಿಟ್ಟು, ಭಾರ ಎಲ್ಲಿರಬೇಕು, ಯಾರು ಮೊದಲು ಇಳಿಯಬೇಕು ಎಂದು ಎಲ್ಲರಿಗೂ ವಿವರಿಸಿದೆ. ಎದುರಿಗಿದ್ದ ಹಿರಿಯರೊಬ್ಬರು ಗಮನವಿಟ್ಟು ಕೇಳಿ, “ಅದೆಲ್ಲ ಖರೇ ಮಾಸ್ತರ. ಆದ್ರ ಹೆಣ್ಮಕ್ಕಳನ್ನ ಒಳಗ ಬಿಟ್ಟು ಮೊದಲ ಇಳದೋರು ನೀವೇ ಹೌದಲ್ಲ?” ಎಂದರು.

ಅತ್ತೆ ಕೂಡಲೇ ನನ್ನ ಪರ ವಹಿಸಿದರು. “ಪಾಪ, ಅವರದೇನೂ ತಪ್ಪಿಲ್ಲ. ನಾನೇ ಇಳೀರಿ ಅಂದೆ. ಎರಡನೇ ಸಲ ಹೇಳಸ್ಕೊಳ್ಳಿಲ್ಲ, ಅಷ್ಟೇ.”