ಬಾಗಿಲ ಮುಂದಿನ ಮಣ್ಣು

ಹೇಳುವ ವಿಷಯ ಎಷ್ಟೇ ಸರಿಯಿರಲಿ, ಅದು ಊರು ಮುಟ್ಟುವಷ್ಟರಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಎಂಬತ್ತರ ದಶಕದಲ್ಲಿ ಬಿ.ಎಸ್ಸಿ. ಮುಗಿಸಿ ಅಫಜಲಪುರದ ಸಹಕಾರ ಸಂಘವೊಂದರ ಮಣ್ಣು ಪರೀಕ್ಷಾ ಕೇಂದ್ರ ಸೇರಿದಾಗ ನನಗಿದು ಗೊತ್ತಿರಲಿಲ್ಲ. ಉಪಕರಣ ಹೊಸವು. ಪರೀಕ್ಷೆ ಉಚಿತ. ಮಣ್ಣು ಮಾತ್ರ ಬರುತ್ತಿರಲಿಲ್ಲ. ಬಿತ್ತನೆಯೊಳಗೆ ರೈತರು ಬರದಿದ್ದರೆ ಕೇಂದ್ರ ಮುಚ್ಚುವುದಾಗಿ ಗುಲಬರ್ಗಾದ ಜಿಲ್ಲಾ ಕಚೇರಿಯ ಸಾಹೇಬರು ಹೇಳಿ ಕಳಿಸಿದರು. ಕೇಂದ್ರ ಎಂದರೆ ನಾನೊಬ್ಬನೇ.

"ಪ್ರಚಾರ ಮಾಡೋಣ್ರಿ" ಎಂದೆ, ಸಂಘದ ಅಧ್ಯಕ್ಷರಿಗೆ.

"ನಾವೇನು ಸರ್ಕಸ್ ಕಂಪನಿಯವರೇನ್ರಿ?"

ಮರುದಿನ ತಾವೇ ಒಪ್ಪಿದರು. ಆ ಕೇಂದ್ರದಾಗ ಏನು ಮಾಡ್ತಾರೆಂದು ಅವರ ಮನೆಯವರೇ ಕೇಳಿದ್ದರಂತೆ.

ಮೈಕು

ಟಾಕೀಸಿನ ಪ್ರಚಾರದವನನ್ನು ಕರೆಸಿ ಜೀಪಿಗೆ ಮೈಕು ಕಟ್ಟಿ ಸುತ್ತಲಿನ ಹಳ್ಳಿಗಳಿಗೆ ಕಳಿಸಿದೆವು. ನಾನು ಬರೆದುಕೊಟ್ಟದ್ದನ್ನು ಅವನು ತಪ್ಪಿಲ್ಲದೆ ಓದಿದ. ಕೊನೆಗೆ ರೂಢಿಯಂತೆ ಒಂದು ಮಾತು ಸೇರಿಸಿದ: "ಮರೀಬ್ಯಾಡ್ರಿ, ಇವತ್ತೇ ಕಡೇ ದಿನ!"

ಮರುದಿನ ಯಾರೂ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕರಜಗಿ ಹಳ್ಳಿಯ ಹಿರಿಯರೊಬ್ಬರನ್ನು ಕೇಳಿದೆ.

"ನಿನ್ನೇನೇ ಮುಗೀತಂತಲ್ರಿ" ಎಂದರು. "ಚಲೋ ನಡೀತೇನು?"

ಗೋಡೆ

ಆಮೇಲೆ ಕರಜಗಿಯ ಅತಿ ದೊಡ್ಡ ಗೋಡೆಯ ಮೇಲೆ ಪರೀಕ್ಷೆಯ ವಿಷಯ ಬರೆಸಿದೆವು. ಅದು ಗೌಡರ ಮನೆಯದು. ಅವರು ಸಂತೋಷದಿಂದ ಒಪ್ಪಿದ್ದರು. ಆದರೂ ಯಾರೂ ಬರಲಿಲ್ಲ.

"ಗ್ವಾಡಿ ಗೌಡ್ರದಲ್ರಿ? ಅವರ ಮಣ್ಣಿಗಷ್ಟೇ ಇರಬೇಕು ಅಂದ್ಕೊಂಡ್ವಿ" ಎಂದಿತು ಊರು.

ನೀವಾದರೂ ಮಣ್ಣು ಕೊಡಿ ಎಂದೆ, ಗೌಡರಿಗೆ.

"ನಂದು ಬರೋಬರಿ ಐತಿ ತಮ್ಮಾ. ಬರಿಸಿದ್ದು ಮಂದಿಗಂತ."

ಗಾಡಿ

ಕಡೆಗೆ ಆ ಗೋಡೆ ನೋಡಿದ ರೈತನೊಬ್ಬ ಬಂದ, ಎತ್ತಿನ ಗಾಡಿ ತುಂಬ ಮಣ್ಣು ಹೇರಿಕೊಂಡು.

"ಒಂದು ಬೊಗಸೆ ಸಾಕಿತ್ರಿ!"

"ಇಡೀ ಹೊಲದ ಗುಣ ಬೊಗಸ್ಯಾಗ ಹೆಂಗ ತಿಳೀತದ್ರಿ? ಮೂಲಿ ಮೂಲಿದೂ ತಂದೇನಿ."

"ಉಳಿದದ್ದು ತಿರುಗಿ ಒಯ್ಯಿರಿ."

"ಎತ್ತು ದಣದಾವ್ರಿ" ಎಂದು ಎಲ್ಲವನ್ನೂ ನಮ್ಮ ಬಾಗಿಲ ಮುಂದೆ ಸುರಿದು ಹೋದ.

ಎದುರಿಗೇ ಬಸ್‌ಸ್ಟ್ಯಾಂಡ್. ಇಳಿದವರೆಲ್ಲ ಕೇಳತೊಡಗಿದರು: "ಏನ್ರಿ, ಮನಿ ಕಟ್ಟಾಕತ್ತೀರೇನು?" ನಾನು ಹೇಳತೊಡಗಿದೆ. ಕೇಳಿದವರು ಮುಂದಿನ ಸಲ ಅರಿವೆಯಲ್ಲಿ ತಮ್ಮ ಮಣ್ಣು ಕಟ್ಟಿಕೊಂಡು ಬಂದರು. ಸಾಹೇಬರು ಕೇಂದ್ರ ಮುಚ್ಚಲೆಂದು ಬಂದ ದಿನ, ಮಂದಿಯ ನಡುವೆ ಬಾಗಿಲು ಮುಟ್ಟಲು ಅವರಿಗೇ ದಾರಿ ಇರಲಿಲ್ಲ.

"ಪ್ರಚಾರ ಯಾರದ್ರಿ?" ಎಂದರು.

ಅಧ್ಯಕ್ಷರು ಮಣ್ಣಿನ ಗುಡ್ಡೆಯ ಪಕ್ಕ ನಿಂತು, "ನಮ್ಮದೇ ವಿಚಾರ್ರಿ" ಎಂದರು.

ಕೇಂದ್ರ ಉಳಿಯಿತು. ಸಾಹೇಬರು ಹೋದಲ್ಲೆಲ್ಲ ನಮ್ಮ ಗುಡ್ಡೆಯನ್ನು ಹೊಗಳಿದರು. ಸ್ವಲ್ಪ ದಿನಕ್ಕೆ ಜೇವರ್ಗಿಯ ಮಣ್ಣು ಪರೀಕ್ಷಾ ಕೇಂದ್ರದ ಕಾರ್ಯದರ್ಶಿ ಟ್ರ್ಯಾಕ್ಟರ್ ತಂದು ನಿಲ್ಲಿಸಿದರು.

"ಈ ಗುಡ್ಡ್ಯಾಗ ಅರ್ಧ ಕೊಡ್ರಿ."

"ಜೇವರ್ಗ್ಯಾಗ ಮಣ್ಣಿಲ್ಲೇನ್ರಿ?"

"ಬೇಕಾದಷ್ಟು ಐತ್ರಿ" ಎಂದರು. "ಆದ್ರ ಅದನ್ನ ನೋಡಾಕ ಯಾರೂ ಬರಂಗಿಲ್ಲ."