ಎಲುಬಿನ ಗೌಡರಿಗೊಂದು ರುಮಾಲು

ಟಿವಿ ಗೇಮ್ ಆಡಿ ಆಡಿ ನಮ್ಮ ಅತ್ತಿಯ, ಅಂದರೆ ಅಪ್ಪನ ಒಡಹುಟ್ಟಿದವಳ, ತಲೆ ಕೆಟ್ಟಿತು ಎಂದು ನಮ್ಮ ಮನೆತನದಲ್ಲಿ ಎಲ್ಲರೂ ಹೇಳುತ್ತಾರೆ. ಇಂಡಿ ಊರಿನ ಕಾಕಾ ಹೇಳುತ್ತಾನೆ, ಬಸವನ ಬಾಗೇವಾಡಿಯ ದೊಡ್ಡವ್ವ ಹೇಳುತ್ತಾಳೆ, ಅತ್ತಿಯ ಮುಖವನ್ನೇ ನೋಡದ ಮುದ್ದೇಬಿಹಾಳದ ಬೀಗರೂ ಹೇಳುತ್ತಾರೆ. ಇಷ್ಟೊಂದು ಜನ ಹೇಳಿದ ಮೇಲೆ ನಿಜವೇ ಇರಬೇಕು ಎಂದು ನೀವು ತಲೆಯಾಡಿಸಿದಿರಾದರೆ, ನೀವು ಚರ್ಚಾಸ್ಪರ್ಧೆಯ ವೇದಿಕೆ ಹತ್ತಿದವರಲ್ಲ. ನಾನು ಹತ್ತಿದವಳು! ಈ ಮೂರೂ ತಾಲ್ಲೂಕುಗಳಲ್ಲಿ ನನ್ನ ಎದುರು ಸೋತವರಿದ್ದಾರೆ, ಮನೆಯ ಕಪಾಟಿನಲ್ಲಿ ಕಪ್ಪುಗಳಿವೆ. ಆದ್ದರಿಂದ ಅಧಿಕಾರಯುತವಾಗಿ ಹೇಳುತ್ತೇನೆ: ಈ ವಾದದಲ್ಲಿ ಹುರುಳಿಲ್ಲ. ನಮ್ಮ ಅತ್ತಿಯ ತಲೆ ಟಿವಿ ಗೇಮ್ ಬರುವುದಕ್ಕಿಂತ ಮೊದಲೇ ಹಾಗಿತ್ತು!

ಸಾಕ್ಷಿ ಬೇಕೆ? ಮನೆಯ ಬೆಕ್ಕು ಇಲಿ ಹಿಡಿಯಲಿಲ್ಲವೆಂದು ಅದರ ಹಾಲು ನಿಲ್ಲಿಸಿ, "ಸಸ್ಪೆಂಡ್ ಮಾಡೇನಿ" ಎಂದು ಓಣಿಗೆಲ್ಲ ಸಾರಿದವಳು ಅತ್ತಿ. ಬೆಕ್ಕು ಎದುರುಮನೆಗೆ ಹೋಗಿ ಹಾಲು ಕುಡಿಯತೊಡಗಿದಾಗ, "ಟ್ರಾನ್ಸ್‌ಫರ್ ತಗೊಂಡೈತಿ" ಎಂದವಳೂ ಅವಳೇ. ಇಂಥವಳ ಕೈಗೆ ಟಿವಿ ಗೇಮ್ ಸಿಕ್ಕರೆ ಕೆಡುವುದು ಯಾರ ತಲೆ? ಟಿವಿ ಗೇಮಿನದು!

ಅದು ಸಿಕ್ಕಿದ್ದೂ ಒಂದು ಕತೆಯೇ. ಸಿಂದಗಿ ಬಸ್‌ಸ್ಟ್ಯಾಂಡಿನ ಹತ್ತಿರದ ಭಾಂಡೆ ಅಂಗಡಿಯಲ್ಲಿ ಅತ್ತಿ ಒಂದು ಸ್ಟೀಲಿನ ಕೊಡ ಕೊಂಡಳು. ಕೊಡದ ಜೊತೆಗೆ ಲಕ್ಕಿ ಡ್ರಾ ಚೀಟಿ. ಮೊದಲ ಬಹುಮಾನ ಮಿಕ್ಸರ್. ಅತ್ತಿ ಆ ಮಿಕ್ಸರಿಗಾಗಿ ಅಡಿಗೆಮನೆಯ ಕಟ್ಟೆಯ ಮೇಲೆ ಜಾಗವನ್ನೂ ಒರೆಸಿಟ್ಟಿದ್ದಳು. ಬಂದದ್ದು ಮಾತ್ರ ಎರಡನೆಯ ಬಹುಮಾನ: ಡಬ್ಬಿಯೊಳಗೊಂದು ಕಪ್ಪು ಪೆಟ್ಟಿಗೆ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಅತ್ತಿ ಅದನ್ನು ತಿರುಗಿ ಅಂಗಡಿಗೊಯ್ದಳು. ನಾನೂ ಜೊತೆಗಿದ್ದೆ.

"ಇದನ್ನ ಇಟಗೊಂಡು ಮಿಕ್ಸರ್ ಕೊಡ್ರಿ."

"ಹಂಗ ಬರಂಗಿಲ್ರಿ ಬಾಯಾರ. ಒಯ್ರಿ, ಮನ್ಯಾಗ ಮಕ್ಕಳು ಆಡತಾವ."

"ನನಗ ಮಕ್ಕಳಿಲ್ಲ."

"ಹಂಗಾರ ನೀವ ಆಡ್ರಿ!"

ಅಂಗಡಿಯವನು ಹೇಳಿದ್ದು ಚೇಷ್ಟೆಗೆ. ಆದರೆ ಅತ್ತಿ ಜನ್ಮದಲ್ಲಿ ಒಂದು ಚೇಷ್ಟೆಯನ್ನೂ ಖಾಲಿ ಕೈಯಲ್ಲಿ ಕಳಿಸಿದವಳಲ್ಲ. ಅಂದೇ ಮಧ್ಯಾಹ್ನ ರೊಟ್ಟಿ ಬಡಿದು ಕೈ ತೊಳೆದು, ಸೆರಗು ಬಿಗಿದು ಟಿವಿಯ ಮುಂದೆ ಕೂತಳು. "ಮಿಕ್ಸರಿನ ಬದಲಿ ಬಂದೈತಿ. ಏನರ ರುಬ್ಬಾಕ ಬೇಕಲ್ಲ!"

ನಮ್ಮ ಟಿವಿ ಇದ್ದದ್ದು ಪಡಸಾಲೆಯಲ್ಲಿ, ಅಪ್ಪ-ಅವ್ವನ ಮದುವೆಯ ದೊಡ್ಡ ಗ್ರೂಪ್ ಫೋಟೋದ ಕೆಳಗೆ. ಹಾಕಿದ ಕ್ಯಾಸೆಟ್ಟಿನಲ್ಲಿ ಒಂದೇ ಆಟ. ಕತ್ತಿ ಹಿಡಿದ ಒಬ್ಬ ಕುಳ್ಳ ಹುಡುಗ ಒಂದು ಹಾಳು ಕೋಟೆಗೆ ನುಗ್ಗುತ್ತಾನೆ. ಕೊನೆಯ ಕೋಣೆಯಲ್ಲಿ ಕರಿ ಕಂಬಳಿ ಹೊದ್ದ ಒಂದು ಅಸ್ಥಿಪಂಜರ ಕಾದಿರುತ್ತದೆ. ಕಣ್ಣಿನ ತೂತಿನಲ್ಲಿ ನೀಲಿ ಉರಿ. ಹೊಡೆದರೆ ಬೀಳುತ್ತದೆ, ಎಲುಬೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ, ಮತ್ತೆ ಒಂದೊಂದೇ ಕೂಡಿಕೊಂಡು ಎದ್ದು ನಿಲ್ಲುತ್ತದೆ. ಯಾರಿವನು? ಯಾಕೆ ಹೀಗಾದ? ಹೇಳುವವರಿಲ್ಲ. ಕತೆಯೆಲ್ಲ ಇರುವೆ ಸಾಲಿನಂಥ ಯಾವುದೋ ದೇಶದ ಅಕ್ಷರದಲ್ಲಿ ಹರಿದು ಹೋಗುತ್ತಿತ್ತು. ಬೇರೆಯವರಾಗಿದ್ದರೆ ಸುಮ್ಮನೆ ಹೊಡೆದು ಮುಗಿಸುತ್ತಿದ್ದರು. ಅತ್ತಿ ಆ ಕೋಣೆಯ ಹೊಸ್ತಿಲ ತನಕ ಆಡಿ, ರಿಮೋಟನ್ನು ತೊಡೆಯ ಮೇಲಿಟ್ಟು, ಅವನನ್ನೇ ನೋಡುತ್ತ ಕೂಡುತ್ತಿದ್ದಳು. ವರ ನೋಡಲು ಹೋದವರು ಕೂಡ ಅಷ್ಟು ನೋಡುವುದಿಲ್ಲ! ಹೆಸರನ್ನೂ ಇಟ್ಟಳು: ಎಲುಬಿನ ಗೌಡ.

"ಇಂವಾ ಕೆಟ್ಟಾಂವ ಅಂತ ಯಾರ ಹೇಳಿದ್ರು ನಿನಗ?" ಎಂದಳು ಒಂದು ದಿನ.

"ನೋಡಿದ್ರ ಗೊತ್ತಾಗಂಗಿಲ್ಲೇನು? ಖಳನಾಯಕ ಅಂವಾ."

"ಲೇ ವಕೀಲಬಾಯಿ, ಮನಿ ಯಾರದು?"

"ಅವಂದು."

"ಹೇಳದ ಕೇಳದ ಒಳಗ ಬಂದಾಂವ ಯಾರು?"

"...ಕುಳ್ಳ."

"ಬಂದಾಂವ ಗಡಿಗಿ ಒಡದಾ, ಪೆಟಿಗಿ ತಗದಾ, ಅಡಗಿಮನ್ಯಾಗಿನ ಕೋಳಿಕಾಲು ತಿಂದಾ. ಈಗ ಹೇಳು, ಪೊಲೀಸರನ್ನ ಕರದ್ರ ಯಾರನ್ನ ಒಯ್ತಾರ?"

ಮಾನ್ಯ ನಿರ್ಣಾಯಕರೇ, ಕಪಾಟಿನ ಕಪ್ಪುಗಳು ನನ್ನ ಕಡೆ ಬೆನ್ನು ತಿರುಗಿಸಿದಂತಾಯಿತು.

ಪಕ್ಕದ ಮನೆಯ ಖಾಲಾ ದಿನಾಲೂ ತೊಗರಿಬೇಳೆಯ ಮೊರ ಹಿಡಿದುಕೊಂಡು ಬಂದು ನಮ್ಮ ಪಡಸಾಲೆಯಲ್ಲೇ ಹರಳು ಆರಿಸುತ್ತಿದ್ದರು. ಒಂದು ಕಣ್ಣು ಬೇಳೆಯ ಮೇಲೆ, ಒಂದು ಕಣ್ಣು ಗೌಡನ ಮೇಲೆ. ಅವರದೂ ಒಂದು ಸಿದ್ಧಾಂತವಿತ್ತು.

"ಇವಂದು ಬದುವಿನ ಕೇಸ್ ಇರಬೇಕು ತಗೋರಿ. ನಮ್ಮ ಮಾವನೂ ಹಿಂಗ ಇದ್ರು. ಡಾಕ್ಟರು ಇವತ್ತು ನಾಳೆ ಅನ್ನೋರು, ಇವರು ಕೋರ್ಟಿನ ತಾರೀಖು ಐತಿ ಅಂತ ಎದ್ದು ಕುಂದ್ರೋರು. ಕೇಸ್ ಗೆದ್ರು ನೋಡ್ರಿ, ಮರುದಿನ ನಕ್ಕೋತ ಹೋದ್ರು!"

"ಹಂಗಾರ ಇವನ ಕೇಸು ಇನ್ನಾ ನಡದೈತಿ," ಎಂದಳು ಅತ್ತಿ ಗಂಭೀರವಾಗಿ. ಆ ವಾರವೆಲ್ಲ ಎಲುಬಿನ ಗೌಡನ ಜಮೀನು ಎಷ್ಟಿರಬಹುದು, ಬಾಜೂ ಹೊಲದವನು ಬದುವನ್ನು ಎಷ್ಟು ಒತ್ತಿರಬಹುದು ಎಂಬ ವಿಚಾರಣೆ ನಡೆಯಿತು. ನಾನು ಎದ್ದುನಿಂತು, "ಎಲುಬಿಗೆ ಮಾಂಸ ಇಲ್ಲ, ರಕ್ತ ಇಲ್ಲ, ಆದ್ದರಿಂದ ಇವನು ಸತ್ತಿದ್ದಾನೆ, ಸತ್ತವನಿಗೆ ಕೇಸು ನಡೆಸುವ ಹಕ್ಕಿಲ್ಲ" ಎಂದು ಗ್ರಾಂಥಿಕ ಭಾಷೆಯಲ್ಲೇ ಮಂಡಿಸಿದೆ. ಅತ್ತಿ ಟಿವಿಯ ಕಡೆ ಬೆರಳು ತೋರಿಸಿದಳು. "ಸತ್ತಾನ ಅಂತೀ. ನಿಂತಾನಲ್ಲ?" ಅಷ್ಟರಲ್ಲಿ ಕರೆಂಟು ಹೋಯಿತು. ನಿಜ ಹೇಳಬೇಕೆಂದರೆ ಆ ಗೌಡನನ್ನು ಮುಗಿಸುವ ತಾಕತ್ತು ನಮ್ಮೂರಲ್ಲಿ ಇದ್ದದ್ದು ಲೋಡ್‌ಶೆಡ್ಡಿಂಗಿಗೆ ಮಾತ್ರ!

ಆದರೆ ಅತ್ತಿಯ ಎಲ್ಲ ಸಿದ್ಧಾಂತಗಳ ಮಹಾರಾಜ ಎಂದರೆ ರುಮಾಲಿನದು. ಒಂದು ಮಧ್ಯಾಹ್ನ ಗೌಡನನ್ನು ನೋಡುತ್ತ ನೋಡುತ್ತ ಒಮ್ಮೆಲೇ ಅಂದಳು: "ತಲೀ ನೋಡು ಅವ್ವಿ. ಕಂಬಳಿ ಐತಿ, ಕತ್ತಿ ಐತಿ, ಮೈತುಂಬ ಠೀವಿ ಐತಿ. ತಲೀ ಮ್ಯಾಲ ರುಮಾಲಿಲ್ಲ."

"ಬುರುಡಿಗೆ ರುಮಾಲೇನು?"

"ಅದಕ್ಕ ಸಿಟ್ಟು ಇವಗ. ಮದುವ್ಯಾಗ ಆಹೇರಿ ತಪ್ಪೈತಿ."

ನಮ್ಮ ಕಡೆಯ ಮದುವೆಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಊಟದಲ್ಲಿ ಉಪ್ಪು ಕಡಿಮೆಯಾದರೆ ಬೀಗರು ಕ್ಷಮಿಸುತ್ತಾರೆ. ಆಹೇರಿಯಲ್ಲಿ ಬಟ್ಟೆ ಕೊಟ್ಟು, ತಲೆಗೆ ರುಮಾಲು ಸುತ್ತಿ ಮರ್ಯಾದೆ ಮಾಡುವಾಗ ಒಬ್ಬನನ್ನು ಮರೆತರೆ ಮೂರು ತಲೆಮಾರು ಮಾತಿಲ್ಲ. ಅತ್ತಿ ಕತೆ ಕಟ್ಟುತ್ತ ಹೋದಳು. ಆ ಕೋಟೆಯಲ್ಲಿ ಒಂದು ಮದುವೆ. ಈ ಗೌಡ ಮದುಮಗನ ಮನೆಯ ಅಳಿಯ. ಬೀಗರು ಚಾಪೆಯ ಮೇಲೆ ಕೂತಿದ್ದರೆ ಇವನು ನೀರು ಹೊತ್ತ, ಹುಗ್ಗಿ ತಿರುವಿದ, ಪಂಕ್ತಿಗೆ ಬಡಿಸಿದ. ರುಮಾಲು ಸುತ್ತುವ ಹೊತ್ತಿಗೆ ಒಂದು ಕಡಿಮೆ ಬಿತ್ತು. ಹಿರಿಯರು ನೋಡಿದರು. "ಇಂವಾ ಮನೀ ಮನಷ್ಯಾ, ಆಮ್ಯಾಲ ಕೊಟ್ರಾತು" ಎಂದರು.

"ಆಮ್ಯಾಲ?" ಖಾಲಾ ಬೇಳೆ ಬಿಟ್ಟು ಕೇಳಿದರು.

"ಆಮ್ಯಾಲ ಅನ್ನೋದು ಬರಲೇ ಇಲ್ಲ. ಇಂವಾ ಬರಿತಲಿಲೆ ಎದ್ದು ಹೋಗಿ ಆ ಕಡೀ ಖೋಲಿ ಹೊಕ್ಕ. ಈಗ ಯಾರಿಗೂ ಬಾಗಲಾ ತಗ್ಯಂಗಿಲ್ಲ."

"ಅಯ್ಯ ಪಾಪ!" ಎಂದರು ಖಾಲಾ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಂದು ಗಜ ಬಟ್ಟೆಗಾಗಿ ಸಾಯಲು ಒಪ್ಪದ ಖಳನಾಯಕ! ಜಗತ್ತಿನಲ್ಲಿ ಬೇರೆ ಯಾವ ಊರಿನ ಹೆಂಗಸಿಗೆ ಹೊಳೆದೀತು?

ಇಲ್ಲಿ ನಮ್ಮ ಮಾಮಾನ ವಿಷಯ ಹೇಳಬೇಕು. ಮಾಮಾ ಅಂದರೆ ಅತ್ತಿಯ ಗಂಡ. ನಾನು ಅವರನ್ನು ಕಂಡವಳಲ್ಲ. ನನ್ನ ಅಪ್ಪ-ಅವ್ವನ ಮದುವೆಯಾದ ವರ್ಷವೇ ಅವರು ಬೋರ್‌ವೆಲ್ ಗಾಡಿಯ ಜೊತೆ ಮಹಾರಾಷ್ಟ್ರದ ಕಡೆ ದುಡಿಯಲು ಹೋದರು. ಗಾಡಿ ತಿರುಗಿ ಬಂತು, ಮಾಮಾ ಬರಲಿಲ್ಲ. ದಾರಿಯಲ್ಲಿ ಚಹಾ ಕುಡಿದು ಬರ್ತೇನಿ ಎಂದು ಇಳಿದವರು ಹತ್ತಲಿಲ್ಲವಂತೆ. ಹುಡುಕಿದರು, ಸಿಗಲಿಲ್ಲ. ಅತ್ತಿ ತವರಿಗೆ, ಅಂದರೆ ನಮ್ಮ ಮನೆಗೆ ಬಂದಳು. ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಯಾರಾದರೂ ಕೇಳಿದರೆ, "ಚಹಾ ಭಾಳ ಬಿಸಿ ಇರಬೇಕು" ಎಂದು ನಕ್ಕುಬಿಡುತ್ತಿದ್ದಳು.

ಆ ವರ್ಷ ಮಾನೌಮಿ ಅಮಾಸಿ ಹತ್ತಿರ ಬಂತು. ಮನೆಯ ಸತ್ತ ಹಿರಿಯರಿಗೆಲ್ಲ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುವ ದಿನ. ಈ ಸಲ ಮಾಮಾನ ಹೆಸರಲ್ಲೂ ಒಂದು ಎಡೆ ಇಡಬೇಕು ಎಂದು ಹಿರಿಯರೆಲ್ಲ ಸೇರಿ ಠರಾಯಿಸಿದರು. ಅತ್ತಿಯದು ಒಂದೇ ಮಾತು: "ಜೀವಂತ ಇದ್ದಾವ್ರಿಗೆ ಎಡಿ ಇಡಂಗಿಲ್ಲ." ಅಪ್ಪ ಸೋತು ನನ್ನ ಹತ್ತಿರ ಬಂದ. "ಊರಾಗೆಲ್ಲ ಕಪ್ ಗೆದ್ದು ಬರ್ತೀ. ಮನ್ಯಾಗ ಒಬ್ಬಾಕಿನ್ನ ಒಪ್ಪಸು ನೋಡೋಣ. ಎಷ್ಟ ದಿನ ಅಂತ ಹಿಂಗ ಕಾಯ್ತಾಳ ಅಕಿ? ನನ್ನ ಕಣ್ಣಿಲೆ ನೋಡಾಕ ಆಗವಲ್ದು."

ಅಪ್ಪನ ದನಿ ಕೇಳಿ ನನಗೂ ಅದೇ ಸರಿ ಎನಿಸಿತು. ಇಲ್ಲದ ಮನುಷ್ಯನಿಗಾಗಿ ಇದ್ದ ಮನುಷ್ಯಳು ಕಾಯುತ್ತ ಕೂಡುವುದು ಯಾವ ತರ್ಕ? ಅತ್ತಿಯ ಮುಂದೆ ಕೂತು ಪ್ರತ್ಯಕ್ಷ, ಅನುಮಾನ, ಉಪಮಾನ ಎಲ್ಲ ಪ್ರಯೋಗಿಸಿದೆ. ಅತ್ತಿ ಕೇಳಿದಳು, ಆಕಳಿಸಿದಳು, ಕೊನೆಗೆ ರಿಮೋಟ್ ನನ್ನ ಕೈಗಿಟ್ಟಳು.

"ಮಾತು ಸಾಕು. ಎಲುಬಿನ ಗೌಡನ್ನ ಕೆಡವು. ಅಂವಾ ಬಿದ್ದು ಏಳಲಿಲ್ಲಂದ್ರ, ನಾ ಎಡಿ ಇಡತೇನಿ."

"ಮಾತು?"

"ಮಾತು. ಖಾಲಾ ಸಾಕ್ಷಿ."

ಆಗ ಆಡಿದೆ ನೋಡಿ! ಗಡಿಗೆ ಒಡೆದೆ, ಕೋಳಿಕಾಲು ತಿಂದೆ, ಕೊನೆಯ ಕೋಣೆಗೆ ನುಗ್ಗಿದೆ. ಕರೆಂಟು ಕೂಡ ಹೋಗಲಿಲ್ಲ. ಗೌಡ ಬಿದ್ದ, ಎದ್ದ, ಬಿದ್ದ, ಎದ್ದ. ಖಾಲಾ ಒಮ್ಮೆ ನನ್ನ ಕಡೆ, ಒಮ್ಮೆ ಗೌಡನ ಕಡೆ ದುವಾ ಮಾಡುತ್ತಿದ್ದರು. ನನ್ನ ಹೆಬ್ಬೆರಳು ಬಾತುಕೊಂಡಿತು. ಕೊನೆಗೊಂದು ಏಟಿಗೆ ಎಲುಬೆಲ್ಲ ಪುಡಿಪುಡಿಯಾಗಿ ನೀಲಿ ಉರಿ ಆರಿತು. ಏಳಲಿಲ್ಲ! ಇರುವೆ ಸಾಲಿನ ಅಕ್ಷರ ಹರಿಯಿತು, ವಾದ್ಯ ಮೊಳಗಿತು.

"ಗೆದ್ದೆ!" ಎಂದು ಕೂಗಿದೆ. "ಸತ್ತ, ಅತ್ತಿ! ಒಪ್ಪಗೋ!"

ಅಕ್ಷರ ಮುಗಿದವು. ಪರದೆ ಒಂದು ಕ್ಷಣ ಕಪ್ಪಾಗಿ, ಆಟ ತನ್ನಷ್ಟಕ್ಕೆ ತಾನೇ ಮೊದಲಿನಿಂದ ಸುರುವಾಯಿತು. ಅದೇ ಕೋಟೆ, ಮೇಲಿನ ಕಿಟಕಿಯಲ್ಲಿ ಅದೇ ಕರಿ ಕಂಬಳಿ, ಅದೇ ಬರಿತಲೆ.

"ಎದ್ದ್ರಪಾ ಗೌಡ್ರು!" ಖಾಲಾ ಚಪ್ಪಾಳೆ ಹೊಡೆದರು.

"ಇದು ಹೊಸಾ ಆಟ! ಇದು ಲೆಕ್ಕಕ್ಕಿಲ್ಲ!"

"ಆಟ ಹೊಸಾದಿರಲಿ," ಎಂದಳು ಅತ್ತಿ. "ಅಂವಾ ಮೊದಲಿನಾಂವನ ಅಲ್ಲೇನು?"

ಪ್ರತಿವಾದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲೆಂದು ತಿರುಗಿದೆ. ಅತ್ತಿ ನೋಡುತ್ತಿದ್ದದ್ದು ಟಿವಿಯನ್ನಲ್ಲ, ಟಿವಿಯ ಮೇಲಿನ ಗೋಡೆಯನ್ನು.

ನಾನೂ ನೋಡಿದೆ. ಹುಟ್ಟಿದಾಗಿನಿಂದ ನೋಡಿದ ಫೋಟೋ. ನನ್ನ ಅವ್ವನ ತವರು ನಾಲತವಾಡದಲ್ಲಿ ತೆಗೆಸಿದ್ದು. ನಡುವೆ ಅಪ್ಪ, ಅವ್ವ. ಸುತ್ತ ಗಂಡಸರು, ಎಲ್ಲರ ತಲೆಯ ಮೇಲೂ ಗರಿಗರಿ ಹೊಸ ರುಮಾಲು. ಒಂದು ಅಂಚಿನಲ್ಲಿ ಮಾತ್ರ ಒಬ್ಬ ಬರಿತಲೆಯಲ್ಲಿ ನಿಂತಿದ್ದಾನೆ, ಕೈಯಲ್ಲಿ ಹುಗ್ಗಿಯ ಸೌಟು, ತುಟಿಯ ಮೇಲೆ ಎಲ್ಲಿಡಬೇಕೋ ತಿಳಿಯದಂಥ ಒಂದು ನಗು. ಅವನನ್ನು ಇಷ್ಟು ದಿನ ನಾನು ಅಡಿಗೆಯವನು ಎಂದುಕೊಂಡಿದ್ದೆ. ಅಲ್ಲ ಎಂದು ಯಾರೂ ಹೇಳಿರಲಿಲ್ಲ.

"ನಿಮ್ಮ ಮಾಮಾ," ಎಂದಳು ಅತ್ತಿ. ದನಿಯಲ್ಲಿ ಸಿಟ್ಟಿರಲಿಲ್ಲ; ಬೆಕ್ಕಿನ ಸುದ್ದಿ ಹೇಳುವಾಗಿನ ದನಿಯೇ ಇತ್ತು. "ಇನ್ನ ಬರಂಗಿಲ್ಲ ಅನ್ನೋದು ನನಗೂ ಗೊತ್ತೈತಿ ಅವ್ವಿ. ನಾ ಏನ್ ಹುಚ್ಚಿ ಅಲ್ಲ. ಆದ್ರ ಜೀವಂತ ಇದ್ದಾಗ ಸುತ್ತಬೇಕಾದ ರುಮಾಲು, ಸತ್ತಾನಂತ ಹೇಳಿ ಎಡಿ ಮುಂದ ಇಟ್ಟು ಕೈ ತೊಳಕೊಂಡ್ರ ಹೆಂಗ?"

ಖಾಲಾ ಮೊರದೊಳಗಿನ ಬೇಳೆಯನ್ನು ಸುಮ್ಮನೆ ಒಂದು ಕಡೆಗೆ ಸರಿಸಿದರು. ಪರದೆಯ ಮೇಲೆ ಕುಳ್ಳ ಕತ್ತಿ ಹಿಡಿದು ನಮ್ಮ ಅಪ್ಪಣೆಗಾಗಿ ಕಾಯುತ್ತಿದ್ದ.

ಅಷ್ಟರಲ್ಲಿ ಅಪ್ಪ ಬಜಾರದಿಂದ ಬಂದ. ಕೈಚೀಲದಿಂದ ಹೊಸ ಧೋತರ ತೆಗೆದು ಹೊರಸಿನ ಮೇಲಿಟ್ಟ. ಅದರ ಮೇಲೆ ರುಮಾಲು, ಒಳ್ಳೆಯದು, ಜರಿಯಂಚಿನದು. ಅದರ ಮಡಿಕೆಯನ್ನು ಅಂಗೈಯಿಂದ ಸವರಿ ಸರಿಮಾಡಿ, ಅತ್ತಿಯ ಕಡೆ ನೋಡದೆ ನನ್ನನ್ನು ಕೇಳಿದ: "ಏನಾತು? ಒಪ್ಪಿದಳೇನು?"

ನಾನು ಆಟ ಬಂದ್ ಮಾಡಿದೆ.

"ಅಪ್ಪಾ, ಅವತ್ತು ನಾಲತವಾಡದಾಗ, 'ಮನೀ ಮನಷ್ಯಾ, ಆಮ್ಯಾಲ ಕೊಟ್ರಾತು' ಅಂದಾವ್ರು ಯಾರು?"