ಮೂಲ ಸ್ವರೂಪಕ್ಕೆ ತಂದ ಕಲ್ಲುಮನೆ

ಹಳೆಯ ಕಟ್ಟಡಗಳನ್ನು ಉಳಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ. ಅವುಗಳೊಳಗೆ ಯಾರಾದರೂ ವಾಸವಿರಬೇಕೆಂದು ನಿಯಮದಲ್ಲಿ ಎಲ್ಲಿಯೂ ಹೇಳಿಲ್ಲ. ಇಷ್ಟು ತಿಳಿದುಕೊಂಡರೆ ಹೊಲಿಗೆಯಕ್ಕನ ಮನೆಗೆ ಆದದ್ದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಇಡೀ ಬೀದಿಗೆ ಬಟ್ಟೆ ಹೊಲಿದುಕೊಡುತ್ತಿದ್ದುದರಿಂದ ಅವಳು ಎಲ್ಲರಿಗೂ ಹೊಲಿಗೆಯಕ್ಕ. ಮನೆ ಗಂಡನ ಕಡೆಯಿಂದ ಬಂದದ್ದು: ಮೊಳದಷ್ಟು ದಪ್ಪದ ಕಲ್ಲುಗೋಡೆ, ಕಂಬಗಳ ಜಗಲಿ, ಮೇಲೊಂದು ಮಹಡಿ. ಗಂಡ ತೀರಿಕೊಂಡ ಮೇಲೆ ಆ ಗೋಡೆಗಳೇ ಅವಳಿಗೆ ದಿಕ್ಕು. ಹೀಗಿರುವಾಗ ಅವಳ ತಮ್ಮ ಇರಲಾರದೆ ಇರುವೆ ಬಿಟ್ಟುಕೊಂಡ. “ಸರ್ಕಾರದ ಒಂದು ಫಲಕ ಬಿದ್ರೆ ಮನೆಗೊಂದು ಮರ್ಯಾದೆ ಅಕ್ಕಾ” ಎಂದು ಅರ್ಜಿ ಹಾಕಿಸಿದ.

ಪುರಾತನ ಕಟ್ಟಡ ಇಲಾಖೆಯ ಅಧಿಕಾರಿ ಬಂದರು. ಕಂಬ ತಟ್ಟಿದರು, ಗೋಡೆಗೆ ಕಿವಿಯಿಟ್ಟರು.

“ಅಪೂರ್ವವಾದ ಮನೆ ಅಮ್ಮಾ. ಆದ್ರೆ ಬಚ್ಚಲುಮನೆ ಇತಿಹಾಸಕ್ಕೆ ಹೊಂದಲ್ಲ.”

“ಅದು ನಮ್ಮ ಯಜಮಾನ್ರು ಕಟ್ಟಿಸಿದ್ದು.”

“ಅದೇ ನೋಡಿ ತೊಂದರೆ. ಅವರು ತೀರಾ ಈಚಿನವರು.”

ಬಚ್ಚಲುಮನೆ ಹೋಯಿತು. “ಸಂರಕ್ಷಣೆ ಪ್ರಗತಿಯಲ್ಲಿದೆ, ಸಹಕರಿಸಿ” ಎಂಬ ಫಲಕ ಬಂತು. ಅಕ್ಕ ಸ್ನಾನಕ್ಕೆ ತಮ್ಮನ ಮನೆಗೆ ಹೋಗಿ ಸಹಕರಿಸಿದಳು.

ಮಹಡಿ ಮಾವನವರು ಏರಿಸಿದ್ದೆಂದು ಗೊತ್ತಾದದ್ದೇ ತಡ, ಅದೂ ಇಳಿಯಿತು. ಮಾವನವರಿಗೆ ಮನೆ ಮಾರಿದವನು ಒಬ್ಬ ಉಪ್ಪಿನ ವ್ಯಾಪಾರಿ. ಜಗಲಿ ಅವನು ಮೂಟೆ ಇಳಿಸಲು ಸೇರಿಸಿದ್ದು, ಅದಕ್ಕೂ ಹಾರೆ ಬಿತ್ತು. ಅವನಿಗೂ ಹಿಂದೆ ಇದ್ದವನು ಒಬ್ಬ ವಕೀಲ, ಅಡುಗೆಮನೆಗೆ ಕಿಟಕಿ ಕೊರೆಸಿದವನು. ಕಿಟಕಿಯನ್ನು ಮುಚ್ಚಿಸಿದ ಇಲಾಖೆ, ಒಳಗೆ ತುಂಬುವ ಹೊಗೆಯನ್ನು ಮೂಲ ಹೊಗೆಯೆಂದೇ ಭಾವಿಸತಕ್ಕದ್ದೆಂದು ಸೂಚಿಸಿತು.

ಕೊನೆಗೆ ಉಳಿದದ್ದು ಮನೆ ಕಟ್ಟಿದ ಕಲ್ಲುಕುಟಿಗನ ನಾಲ್ಕು ಗೋಡೆ. ಇನ್ನಾದರೂ ಮುಗಿಯಿತಲ್ಲ ಎಂದು ಅಕ್ಕ ಉಸಿರು ಬಿಡುವಷ್ಟರಲ್ಲಿ ಅಧಿಕಾರಿ ಕಲ್ಲುಗಳ ಮೇಲೆ ಹಳೆಯ ಉಳಿಗುರುತು ಕಂಡರು. ಕುಟಿಗ ಅವನ್ನು ಗುಡ್ಡದ ಮೇಲಿನ ಪಾಳುಗೋಪುರದಿಂದ ತಂದಿದ್ದ.

“ಅಂದ್ರೆ ಈ ಕಲ್ಲುಗಳ ಮೂಲ ಜಾಗ ಗುಡ್ಡ” ಎಂದರು ಅಧಿಕಾರಿ, ಕಣ್ಣಲ್ಲಿ ನೀರು ತಂದುಕೊಂಡು.

ಲಾರಿಗಳು ಬಂದವು. ಕಲ್ಲುಗಳು ಗುಡ್ಡ ಹತ್ತಿದವು. ಬಟ್ಟಬಯಲಾದ ಮನೆ ಜಾಗದಲ್ಲಿ ಹೊಸ ಫಲಕ ನಿಂತಿತು: “ಸದರಿ ಕಲ್ಲುಮನೆಯನ್ನು ಅತ್ಯಂತ ಮೂಲ ಸ್ವರೂಪಕ್ಕೆ ತರಲಾಗಿದೆ. ಇದರ ಗೋಡೆ, ಬಾಗಿಲು, ಚಾವಣಿಗಳಿಗೆ ಯಾರೂ ಹಾನಿ ಮಾಡತಕ್ಕದ್ದಲ್ಲ.”

ಅಕ್ಕ ತಮ್ಮನ ಮನೆಯಲ್ಲಿ ಕೂತು ಅತ್ತಳು. ತಮ್ಮ ತಲೆ ಎತ್ತಲಿಲ್ಲ. ಅಳು ಮುಗಿದ ಮೇಲೆ ಅವಳು ಮೂಗು ಒರೆಸಿಕೊಂಡು ಕೇಳಿದಳು, “ಗೋಡೆ, ಬಾಗಿಲು, ಚಾವಣಿ ಅಂತಾನೇ ಬರೆದಿದಾರೇನೋ?”

“ಹೂಂ ಅಕ್ಕಾ.”

“ಹಾಗಾದ್ರೆ ಏಳು. ಮಿಷನ್ ಹೊರು.”

ಬಯಲಿನ ನಡುವೆ ಹೊಲಿಗೆ ಮಿಷನ್ ಟಕಟಕ ಎನ್ನತೊಡಗಿತು. ಸುದ್ದಿ ಕೇಳಿ ಅಧಿಕಾರಿ ಎದ್ದೆನೋ ಬಿದ್ದೆನೋ ಎಂದು ಓಡಿಬಂದರು.

“ಏಳಿ ಅಮ್ಮಾ! ಸಂರಕ್ಷಿತ ಜಾಗ ಇದು!”

ಅಕ್ಕ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. “ಗೋಡೆ ತೂರಿಕೊಂಡು ಬಂದ್ರಲ್ಲ ಸ್ವಾಮಿ. ಬಾಗಿಲು ಆ ಕಡೆ ಇರೋದು.”

“ಎಲ್ರೀ ಇದೆ ಗೋಡೆ?”

“ಇಲ್ವಾ? ಹಾಗಂತ ಬರೆದುಕೊಡಿ.”

ಮನೆ ಸಂಪೂರ್ಣ ಸುರಕ್ಷಿತವೆಂಬ ಅಧಿಕಾರಿಯ ವರದಿ ಮೇಲಕ್ಕೆ ಹೋಗಿ, ಬಡ್ತಿಯೊಂದು ಕೆಳಕ್ಕೆ ಬರುತ್ತಿತ್ತು. ಅವರು ಬಂದ ದಾರಿಯಲ್ಲೇ ಹಿಂದೆ ಸರಿದು, ಸುತ್ತು ಹಾಕಿ, ಬಾಗಿಲಿದ್ದ ಕಡೆ ಬಂದು ನಿಂತರು.

“ತಟ್ಟದೇ ಒಳಗೆ ಬರ್ತಾರಾ ಯಾರಾದ್ರೂ?” ಎಂದಳು ಅಕ್ಕ.

ಅಧಿಕಾರಿ ಗಾಳಿಯನ್ನು ಮೆಲ್ಲಗೆ ತಟ್ಟಿದರು.

“ತೆಗೆದೇ ಇದೆ, ಬನ್ನಿ.”

ಅಂದಿನಿಂದ ಎಲ್ಲವೂ ಸುಸೂತ್ರವಾಯಿತು. ಬೀದಿಯವರು ಬಾಗಿಲಿನಿಂದಲೇ ಬಂದು ಅಳತೆ ಕೊಟ್ಟು ಹೋದರು. ಮಳೆ ಶುರುವಾದಾಗ, ಸಂರಕ್ಷಿತ ಚಾವಣಿ ನೆನೆಯಬಾರದೆಂದು ಇಲಾಖೆಯೇ ಅದರ ಮೇಲೆ ಟಾರ್ಪಾಲು ಕಟ್ಟಿಸಿತು. ಅಕ್ಕ ಹಾಸಿಗೆಯನ್ನೂ ತಂದುಕೊಂಡಳು.

ಇಲಾಖೆಯ ನಿರ್ದೇಶಕರು ಖುದ್ದು ಪರಿಶೀಲನೆಗೆ ಬಂದರು. ಆರಡಿ ಮೀರಿದ ಆಳು. ಅಕ್ಕ ಒಳಗಿನಿಂದ ಕೂಗಿದಳು, “ತಲೆ ಬಗ್ಗಿಸಿ ಸ್ವಾಮಿ, ಬಾಗಿಲು ಕುಳ್ಳು!”

ನಿರ್ದೇಶಕರು ಬಗ್ಗುವುದು ಒಂದು ಗಳಿಗೆ ತಡವಾಯಿತು. ಅಧಿಕಾರಿ “ಅಯ್ಯಯ್ಯೋ” ಎಂದರು. ತಮ್ಮ ತಣ್ಣೀರಿಗೆ ಓಡಿದ.

ನಿರ್ದೇಶಕರು ಹಣೆ ಉಜ್ಜಿಕೊಳ್ಳುತ್ತ ಮೇಲೆ ನೋಡಿದರು. ಅವರ ದನಿಯಲ್ಲಿ ಭಕ್ತಿಯಿತ್ತು.

“ಏನು ಗಟ್ಟಿ ಕೆಲಸ ರೀ! ಈಗಿನವರಿಗೆ ಇಂಥಾ ಕಲ್ಲು ಎಲ್ಲಿ ಸಿಗಬೇಕು?”